ಬಾಗಿಲ ಮೆಟ್ಟಿಲು ಜಾರದಿರಲು ಟೇಪು, ಮ್ಯಾಟು, ಗೆರೆ, ಕಂಬಿ: ನಾವು ನಾಲ್ಕನ್ನೂ ಹಾಕಿ ನೋಡಿದೆವು

ತುಮಕೂರಿನ ಕ್ಯಾತ್ಸಂದ್ರದಲ್ಲಿ ನಮ್ಮ ಮನೆ. ಮುಂದೆ ಐದು ಮೆಟ್ಟಿಲು, ಎಲ್ಲಾ ಪಾಲಿಶ್ ಮಾಡಿದ ಕರಿ ಗ್ರಾನೈಟು. ಹೋದ ವರ್ಷ ಹಸ್ತ ಮಳೆ ಹಿಡಿದಿದ್ದಾಗ ಅಮ್ಮ ಬೆಳಗ್ಗೆ ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಟ್ಟಲು ಹಿಡಿದು ಇಳಿಯುವಾಗ ಮೂರನೇ ಮೆಟ್ಟಿಲಲ್ಲಿ ಜಾರಿದರು. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು. ಆರು ವಾರ ಪ್ಲಾಸ್ಟರ್. ವಯಸ್ಸು 68. ಪೆಟ್ಟು ಸೊಂಟಕ್ಕೆ ಬಿದ್ದಿದ್ದರೆ ಅಂತ ನೆನೆದರೆ ಈಗಲೂ ಜೀವ ನಡುಗುತ್ತದೆ. ಬಿದ್ದು ಸಾಯುವವರು ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅದರಲ್ಲಿ 60 ದಾಟಿದವರೇ ಜಾಸ್ತಿ.

"ನೋಡಿಕೊಂಡು ನಡಿಯಮ್ಮ" ಅಂತ ಹೇಳುವುದು ಸುಲಭ. ಆದರೆ ಬಾಗಿಲಿಗೆ ನೀರು ಹಾಕುವುದನ್ನು ಅಮ್ಮ ಬಿಡುವುದಿಲ್ಲ, ಬಿಡಿ ಅಂತ ನಾನೂ ಹೇಳುವುದಿಲ್ಲ. ಬದಲಾಗಬೇಕಾದ್ದು ಮೆಟ್ಟಿಲು.

ಮೊದಲು ತಂದಿದ್ದು ತೆಂಗಿನ ನಾರಿನ ಮ್ಯಾಟು. ನಮ್ಮದು ತೆಂಗಿನ ಸೀಮೆ, ಎಲ್ಲೆಂದರಲ್ಲಿ ಸಿಗುತ್ತದೆ. ಎರಡೇ ದಿನಕ್ಕೆ ತೆಗೆದುಹಾಕಿದೆ. ಹೊಳಪುಗಲ್ಲಿನ ಮೇಲೆ ಮ್ಯಾಟೇ ಜಾರುತ್ತದೆ! ಮಳೆಯಲ್ಲಿ ನೆನೆದರೆ ಒಣಗುವುದೂ ಇಲ್ಲ, ಅಡಿಯಲ್ಲಿ ಪಾಚಿ ಕಟ್ಟುತ್ತದೆ. ಅಂಟಿಸದೆ ಬಿಟ್ಟ ಯಾವ ಮ್ಯಾಟನ್ನೂ ಮೆಟ್ಟಿಲ ಮೇಲೆ ಹಾಕಬೇಡಿ, ದಯವಿಟ್ಟು.

ಆಮೇಲೆ ಆಂಟಿ ಸ್ಕಿಡ್ ಟೇಪು. ಉಪ್ಪುಕಾಗದದ ಹಾಗೆ ಒರಟಾಗಿರುತ್ತದೆ, ಹಿಂದೆ ಅಂಟು. ಕಲ್ಲನ್ನು ಚೆನ್ನಾಗಿ ತೊಳೆದು, ಪೂರ್ತಿ ಒಣಗಿಸಿ, ಮೆಟ್ಟಿಲ ಅಂಚಿಗೆ ಹತ್ತಿರ ಅಂಟಿಸಿದೆ. ಅರ್ಧ ಗಂಟೆಯ ಕೆಲಸ. ಹಿಡಿತ ನಿಜಕ್ಕೂ ಚೆನ್ನಾಗಿತ್ತು, ಚಪ್ಪಲಿ ಕಚ್ಚಿ ನಿಲ್ಲುತ್ತಿತ್ತು. ಬರಿಗಾಲಿಗೆ ಮಾತ್ರ ಚುಚ್ಚುತ್ತದೆ, ಅಮ್ಮ ಅದನ್ನು ದಾಟಿ ಕಾಲಿಡಲು ಶುರು ಮಾಡಿದರು. ದಿನಾ ನೀರು ಬೀಳುವ ಜಾಗವಾದ್ದರಿಂದ ನಾಲ್ಕನೇ ತಿಂಗಳಿಗೆ ಮೂಲೆಗಳು ಎದ್ದವು. ಎದ್ದ ಮೂಲೆ ಕಾಲಿಗೆ ಸಿಕ್ಕಿ ಎಡವಿಸುತ್ತದೆ, ಅದು ಜಾರುವುದಕ್ಕಿಂತ ಕಡಿಮೆ ಅಪಾಯವೇನಲ್ಲ. ಬಾಡಿಗೆ ಮನೆಯವರಿಗೆ, ಮಳೆ ತಾಗದ ಮೆಟ್ಟಿಲಿಗೆ ಇದೇ ಸರಿ. ನಮಗೆ ಆಗಲಿಲ್ಲ.

ಒಂದು ಸೋಮವಾರ ಅಮ್ಮನ ಜೊತೆ ಸಿದ್ಧಗಂಗೆ ಬೆಟ್ಟ ಹತ್ತುವಾಗ ಸೋನೆ ಹಿಡಿಯಿತು. ಒದ್ದೆ ಕಲ್ಲು, ಬರಿಗಾಲು, ಆದರೂ ಕಾಲು ಜಾರಲಿಲ್ಲ. ಅದೂ ಕಲ್ಲೇ, ನಮ್ಮದೂ ಕಲ್ಲೇ, ಅಲ್ವಾ? ಒರಟು ಕಲ್ಲಿನಲ್ಲಿ ನೀರಿಗೆ ಇಳಿದು ಹೋಗಲು ಸಂದಿ ಇರುತ್ತದೆ, ಪಾದ ಕಲ್ಲಿಗೇ ತಾಗುತ್ತದೆ. ಪಾಲಿಶ್ ಕಲ್ಲಿನಲ್ಲಿ ಪಾದಕ್ಕೂ ಕಲ್ಲಿಗೂ ನಡುವೆ ನೀರಿನ ಪೊರೆ ನಿಂತುಬಿಡುತ್ತದೆ.

ಮಾರನೇ ವಾರವೇ ಗ್ರಾನೈಟ್ ಕೆಲಸದವರನ್ನು ಕರೆಸಿ ಪ್ರತಿ ಮೆಟ್ಟಿಲಿಗೂ ಕಟ್ಟರ್‌ನಿಂದ ಉದ್ದಕ್ಕೆ ಮೂರು ಗೆರೆ ಹೊಡೆಸಿದೆ. ಆಳ ಸುಮಾರು 3 ಮಿಲಿಮೀಟರ್. ಅಂಚಿನಿಂದ ಎರಡು ಇಂಚು ಒಳಗೆ, ಇನ್ನೂ ಹತ್ತಿರ ಹೊಡೆದರೆ ಅಂಚು ಚಕ್ಕೆ ಏಳಬಹುದು. ನೀರು ಬಿಡುತ್ತಾ ಕೊಯ್ಯಿಸಿ, ಕಲ್ಲಿನ ಧೂಳು ಶ್ವಾಸಕೋಶಕ್ಕೆ ತುಂಬಾ ಕೆಟ್ಟದ್ದು. ಅರ್ಧ ದಿನದಲ್ಲಿ ಮುಗಿಯಿತು. ಹೊಳಪು ಸ್ವಲ್ಪ ಹೋಯಿತು, ಅಪ್ಪನಿಗೆ ಬೇಜಾರಾಯಿತು. ಆದರೆ ಬರಿಗಾಲಿಗೆ ಚುಚ್ಚುವುದಿಲ್ಲ, ಏಳುವುದಿಲ್ಲ, ಮಳೆಗೆ ಹೆದರುವುದಿಲ್ಲ. ಗೆರೆಯಲ್ಲಿ ರಂಗೋಲಿ ಪುಡಿ, ಪಾಚಿ ಕೂರುತ್ತದೆ. ವಾರಕ್ಕೊಮ್ಮೆ ಕಡ್ಡಿ ಪೊರಕೆಯಲ್ಲಿ ಉಜ್ಜುತ್ತೇವೆ. ಪಾಚಿ ಜಾಸ್ತಿಯಾದರೆ ಬ್ಲೀಚಿಂಗ್ ಪೌಡರ್. ಅದರ ಜೊತೆ ಆಸಿಡ್ ಮಾತ್ರ ಯಾವತ್ತೂ ಬೆರೆಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ.

ಗೆರೆ ಸೋತಿದ್ದು ಎಣ್ಣೆಗೆ. ಕಾರ್ತಿಕದಲ್ಲಿ ಮೆಟ್ಟಿಲ ಮೇಲೆ ಹಚ್ಚಿದ ದೀಪದ ಎಣ್ಣೆ ಚೆಲ್ಲಿ ನಾನೇ ಜಾರಿದೆ. ಅಷ್ಟರಲ್ಲಿ ಪಕ್ಕಕ್ಕೆ ಸ್ಟೀಲ್ ಕಂಬಿ ಹಾಕಿಸಿದ್ದೆವು. ಕೈಗೆ ಅದು ಸಿಕ್ಕಿತು, ನಿಂತೆ. ಟೇಪು, ಗೆರೆ ಜಾರುವುದನ್ನು ತಡೆಯುತ್ತವೆ. ಜಾರಿದ ಮೇಲೆ ಹಿಡಿಯುವುದು ಕಂಬಿ ಒಂದೇ. ಖರ್ಚು ಇದಕ್ಕೇ ಜಾಸ್ತಿ, ಆದರೂ ವಯಸ್ಸಾದವರಿರುವ ಮನೆಗೆ ಮೊದಲು ಇದನ್ನೇ ಹಾಕಿಸಿ ಎನ್ನುತ್ತೇನೆ. ಮುಷ್ಟಿ ಪೂರ್ತಿ ಸುತ್ತುವಷ್ಟು ದಪ್ಪದ ದುಂಡು ಪೈಪು ಇರಲಿ, ಕೊನೆಯ ಮೆಟ್ಟಿಲು ದಾಟಿ ಸ್ವಲ್ಪ ಮುಂದಕ್ಕೂ ಬರಲಿ.

ಒಂದು ತೊಡಕು ಉಳಿದಿತ್ತು. ಅಮ್ಮನ ಒಂದು ಕೈಯಲ್ಲಿ ಬಕೆಟ್, ಇನ್ನೊಂದರಲ್ಲಿ ರಂಗೋಲಿ ಬಟ್ಟಲು. ಕಂಬಿ ಹಿಡಿಯಲು ಕೈಯೆಲ್ಲಿ? ಅಂಗಳದಲ್ಲೇ ಒಂದು ನಲ್ಲಿ ಹಾಕಿಸಿ, ರಂಗೋಲಿ ಡಬ್ಬಿಗೆ ಕೆಳಗೇ ಗೂಡು ಮಾಡಿಸಿದೆವು. ಈಗ ಅಮ್ಮ ಬರಿಗೈಯಲ್ಲಿ ಕಂಬಿ ಹಿಡಿದು ಇಳಿಯುತ್ತಾರೆ, ಕೆಳಗಿನಿಂದ ಮೇಲಕ್ಕೆ ನೀರು ಎರಚುತ್ತಾರೆ.