ತೋಟದ ಫೋಲ್ಡರ್ ಪೇಟೆಗೆ: ಮೂರು ದಾರಿಗಳನ್ನು ಬಳಸಿ ನೋಡಿದ ಮೇಲೆ

ಚಿಕ್ಕಮಗಳೂರು ಪೇಟೆಯಲ್ಲಿರುವ ನಮ್ಮ ಕಚೇರಿಗೂ ಮೂಡಿಗೆರೆ ಕಡೆ ಚಿಕ್ಕಪ್ಪನವರ ಕಾಫಿ ತೋಟಕ್ಕೂ ನಡುವೆ ದಿನವೂ ಒಂದು ಫೋಲ್ಡರ್ ಓಡಾಡುತ್ತದೆ. ಚೆಕ್‌ರೋಲ್ (ಕೂಲಿಯವರ ಹಾಜರಿ ಪಟ್ಟಿ), ಮಳೆ ಲೆಕ್ಕ, ಗೊಬ್ಬರದ ಬಿಲ್ಲುಗಳ ಸ್ಕ್ಯಾನ್, ಕಣದಲ್ಲಿ ಒಣಗುವ ಕಾಫಿಯ ಫೋಟೋ ಎಲ್ಲವೂ ಅದರಲ್ಲೇ. ಎರಡು ಕಂಪ್ಯೂಟರ್‌ಗಳೂ ಒಂದೇ ಕಟ್ಟಡದಲ್ಲಿದ್ದಿದ್ದರೆ ವಿಂಡೋಸ್‌ನಲ್ಲಿ ಫೋಲ್ಡರ್ ಶೇರ್ ಮಾಡಿದರೆ ಸಾಕಿತ್ತು. ಆದರೆ ಪೇಟೆಯಲ್ಲಿ ಒಂದು ಸಂಪರ್ಕ, ತೋಟದಲ್ಲಿ ಇನ್ನೊಂದು. ಮಳೆಗೆ ಮರ ಬಿದ್ದು ಕೇಬಲ್ ಹರಿದರೆ ಮೊಬೈಲ್ ಹಾಟ್‌ಸ್ಪಾಟೇ ಗತಿ. ಹಾಗಾಗಿ ಗೂಗಲ್ ಡ್ರೈವ್, ಟೈಲ್‌ಸ್ಕೇಲ್, ಸಿಂಕ್‌ಥಿಂಗ್ ಮೂರನ್ನೂ ಮಳೆಗಾಲದಲ್ಲೂ ಕೊಯ್ಲಿನಲ್ಲೂ ಬಳಸಿ ನೋಡಿದೆ.

ರೂಟರ್‌ನಲ್ಲಿ ಪೋರ್ಟ್, ಅಂದರೆ ಹೊರಗಿನವರು ಒಳಬರುವ ಅಂಕೆಯ ಬಾಗಿಲು, ತೆರೆದು ಫೋಲ್ಡರನ್ನು ನೇರವಾಗಿ ಇಂಟರ್‌ನೆಟ್ಟಿಗೆ ಒಡ್ಡುವ ದಾರಿಯನ್ನು ಪರೀಕ್ಷೆಗೇ ತೆಗೆದುಕೊಳ್ಳಲಿಲ್ಲ. ವಿಂಡೋಸ್ ಹಂಚಿಕೆ ನಡೆಯುವುದು 445ನೇ ಪೋರ್ಟಿನಲ್ಲಿ. 2017ರ ಮೇ ತಿಂಗಳಲ್ಲಿ ವನಾಕ್ರೈ ಎಂಬ ಹಣ ಸುಲಿಯುವ ದುಷ್ಟ ತಂತ್ರಾಂಶ ಜಗತ್ತಿನ ಉದ್ದಗಲಕ್ಕೂ ಕಂಪ್ಯೂಟರ್‌ಗಳನ್ನು ಲಾಕ್ ಮಾಡಿದ್ದು ಇದೇ ಹಂಚಿಕೆ ವ್ಯವಸ್ಥೆಯ ಲೋಪವೊಂದರ ಮೂಲಕ. ದಯವಿಟ್ಟು ಯಾರೂ ಆ ಬಾಗಿಲು ತೆರೆಯಬೇಡಿ. ಎಷ್ಟೋ ಸಂಪರ್ಕಗಳಲ್ಲಿ ಅದು ತೆರೆಯುವುದೂ ಇಲ್ಲ: ರೂಟರಿಗೆ ಸಿಕ್ಕ ಹೊರವಿಳಾಸ 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ, ಒಂದೇ ಸಾರ್ವಜನಿಕ ವಿಳಾಸವನ್ನು ಅನೇಕ ಗ್ರಾಹಕರಿಗೆ ಹಂಚಿದ್ದಾರೆ, ಹೊರಗಿನಿಂದ ನಮ್ಮ ರೂಟರಿಗೆ ನೇರ ದಾರಿಯಿಲ್ಲ ಎಂದರ್ಥ.

ಗೂಗಲ್ ಡ್ರೈವ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಎಲ್ಲರಿಗೂ ಗೊತ್ತಿರುವುದೇ. ಫೈಲ್ ಮೊದಲು ಗೂಗಲ್ ಸರ್ವರಿಗೆ ಹೋಗಿ ಅಲ್ಲಿಂದ ಇನ್ನೊಂದು ಕಡೆಗೆ ಇಳಿಯುವುದರಿಂದ ಎರಡು ಕಂಪ್ಯೂಟರ್‌ಗಳೂ ಒಂದೇ ಹೊತ್ತಿಗೆ ಆನ್ ಆಗಿರಬೇಕಿಲ್ಲ. ಕರೆಂಟ್ ನೆಚ್ಚಿಕೊಳ್ಳಲಾಗದ ಮಲೆನಾಡಿನಲ್ಲಿ ಇದು ಸಣ್ಣ ಗುಣವಲ್ಲ. ಅಳಿಸಿದ ಫೈಲ್ 30 ದಿನ ಕಸದ ಬುಟ್ಟಿಯಲ್ಲಿ ಉಳಿಯುತ್ತದೆ. ಆದರೆ ಪುಕ್ಕಟೆ ಸಿಗುವ 15 ಜಿಬಿಯನ್ನು ಜಿಮೇಲ್ ಮತ್ತು ಫೋಟೋಗಳೂ ತಿನ್ನುತ್ತವೆ. ಕಣದ ಫೋಟೋ, ಬಿಲ್ಲುಗಳ ಸ್ಕ್ಯಾನ್ ಸೇರಿದರೆ ಜಾಗ ತುಂಬಲು ಬಹಳ ಕಾಲ ಬೇಡ. ಕೂಲಿಯವರ ಹೆಸರು, ಬ್ಯಾಂಕ್ ಖಾತೆಯ ವಿವರಗಳಿರುವ ಕಡತ ಮೂರನೆಯವರ ಸರ್ವರಿನಲ್ಲಿ ಕೂರುವುದೂ ನನಗೆ ಒಪ್ಪಿಗೆಯಿಲ್ಲ.

ಟೈಲ್‌ಸ್ಕೇಲ್‌ನ ಕೆಲಸವೇ ಬೇರೆ. ಅದರ ಮುಖ್ಯ ಕೆಲಸ ಫೈಲ್ ಕಳಿಸುವುದಲ್ಲ. ವೈರ್‌ಗಾರ್ಡ್ ಎಂಬ ಗೂಢಲಿಪಿ ಸುರಂಗದ ಮೂಲಕ ದೂರದ ಕಂಪ್ಯೂಟರ್‌ಗಳನ್ನು ಒಂದೇ ಜಾಲಕ್ಕೆ ಸೇರಿಸುತ್ತದೆ. ಎರಡೂ ಕಡೆ ಹಾಕಿಕೊಂಡು ಒಂದೇ ಖಾತೆಯಿಂದ ಲಾಗಿನ್ ಆದರೆ ಪ್ರತಿ ಕಂಪ್ಯೂಟರಿಗೂ 100ರಿಂದ ಶುರುವಾಗುವ ವಿಳಾಸ ಸಿಗುತ್ತದೆ. ಅದನ್ನು ಎಕ್ಸ್‌ಪ್ಲೋರರ್‌ನಲ್ಲಿ ಬರೆದರೆ ತೋಟದ ಫೋಲ್ಡರ್ ಕಣ್ಣೆದುರಿಗೆ ತೆರೆಯುತ್ತದೆ. ರೂಟರ್ ಮುಟ್ಟುವ ಕೆಲಸವಿಲ್ಲ. ನೇರ ದಾರಿ ಸಿಗದಿದ್ದರೆ ಮಧ್ಯದ ರಿಲೇ ಸರ್ವರಿನ ಮೂಲಕ ಸುತ್ತಿ ಬರುತ್ತದೆ, ಆಗ ವೇಗ ಇಳಿಯುತ್ತದೆ. ಇದರ ದೊಡ್ಡ ಬಲ ಎಂದರೆ ಫೈಲ್ ಒಂದೇ ಕಡೆ ಇರುವುದು. ತೋಟದ ರೈಟರ್ (ಹಾಜರಿ ಬರೆಯುವ ಗುಮಾಸ್ತರು) ಚೆಕ್‌ರೋಲ್ ತೆರೆದಿದ್ದರೆ ನನ್ನ ಎಕ್ಸೆಲ್ ‘ಬೇರೊಬ್ಬರು ಬಳಸುತ್ತಿದ್ದಾರೆ’ ಎಂದು ತಡೆಯುತ್ತದೆ. ಒಬ್ಬರ ಹಾಜರಿಯ ಮೇಲೆ ಇನ್ನೊಬ್ಬರು ಬರೆಯುವ ಪ್ರಶ್ನೆಯೇ ಇಲ್ಲ.

ಸಂಪರ್ಕ ಇರುವವರೆಗೆ ಇದರಷ್ಟು ಚೆನ್ನಾದದ್ದು ಇಲ್ಲ. ಆದರೆ ವಿಂಡೋಸ್ ಹಂಚಿಕೆ ಮಾತು ಜಾಸ್ತಿ ಆಡುವ ವ್ಯವಸ್ಥೆ: ಒಂದು ಫೋಲ್ಡರ್ ತೆರೆಯುವುದಕ್ಕೂ ಹತ್ತಾರು ಸಲ ಕೇಳಿ ಉತ್ತರ ಪಡೆಯುತ್ತದೆ. ಹಾಟ್‌ಸ್ಪಾಟ್ ಮೇಲೆ ಫೋಟೋಗಳ ಫೋಲ್ಡರ್ ತೆರೆದರೆ ಚಿತ್ರಗಳು ಒಂದೊಂದಾಗಿ ಮೂಡುವುದನ್ನು ನೋಡುತ್ತಾ ಕೂರಬೇಕು. ಫೈಲ್ ತೆರೆದಿರುವಾಗಲೇ ತೋಟದಲ್ಲಿ ಕರೆಂಟ್ ಹೋದರೆ ಎಕ್ಸೆಲ್ ಕಿಟಕಿ ಬೆಳ್ಳಗಾಗಿ ‘ಪ್ರತಿಕ್ರಿಯಿಸುತ್ತಿಲ್ಲ’ ಎನ್ನುತ್ತದೆ. ಬಟವಾಡೆಯ ಹಿಂದಿನ ಸಂಜೆ ಹೀಗಾದರೆ ಇಡೀ ತೋಟದ ಕೂಲಿ ನಿಲ್ಲುತ್ತದೆ.

ಅದಕ್ಕೇ ನನ್ನ ಒಲವು ಸಿಂಕ್‌ಥಿಂಗ್ ಕಡೆಗೆ. ಇದು ಉಚಿತ, ಮುಕ್ತ ತಂತ್ರಾಂಶ. ಫೋಲ್ಡರಿನ ಪೂರ್ತಿ ಪ್ರತಿ ಎರಡೂ ಕಡೆ ಇರುತ್ತದೆ. ಸಂಪರ್ಕ ಸತ್ತಿದ್ದರೂ ರೈಟರ್ ತಮ್ಮ ಪ್ರತಿಯಲ್ಲಿ ಹಾಜರಿ ತುಂಬುತ್ತಾರೆ, ಜೀವ ಬಂದಾಗ ಫೈಲಿನ ಬದಲಾದ ತುಂಡುಗಳಷ್ಟೇ ಗೂಢಲಿಪಿಯಲ್ಲಿ ಸಾಗುತ್ತವೆ. ‘ಕರೆಂಟ್ ಬಂದ ಮೇಲೆ ತಾನಾಗಿಯೇ ಹೋಗುತ್ತದೆ ತಾನೆ ಸಾರ್, ನಾನೇನೂ ಒತ್ತಬೇಕಿಲ್ಲವಲ್ಲ?’ ಎಂದು ರೈಟರ್ ಕೇಳಿದ್ದರು. ಒತ್ತಬೇಕಿಲ್ಲ. ಜೋಡಿಸುವಾಗ ಮಾತ್ರ ಏಳೇಳು ಅಕ್ಷರಗಳ ಎಂಟು ಗುಂಪಿರುವ ಸಾಧನದ ಗುರುತನ್ನು ಪರಸ್ಪರ ಕೊಡಬೇಕು. ವಾಟ್ಸಾಪ್‌ನಲ್ಲಿ ಕಳಿಸಿದರೆ ನಕಲು ಮಾಡಿ ಅಂಟಿಸಬಹುದು.

ಇದರ ಮುಳ್ಳುಗಳನ್ನೂ ಹೇಳಲೇಬೇಕು. ಇಬ್ಬರೂ ಸಂಪರ್ಕವಿಲ್ಲದಾಗ ಒಂದೇ ಫೈಲ್ ತಿದ್ದಿದರೆ, ಹಳೆಯ ಸಮಯದ ಪ್ರತಿಯ ಹೆಸರಿಗೆ ‘ಸಿಂಕ್-ಕಾನ್‌ಫ್ಲಿಕ್ಟ್’ ಎಂಬ ಮಾತೂ ದಿನಾಂಕವೂ ಸೇರಿಕೊಂಡು ಪಕ್ಕದಲ್ಲಿ ಬಂದು ಕೂರುತ್ತದೆ. ಎರಡನ್ನೂ ತೆರೆದು ಸಾಲುಸಾಲಾಗಿ ಹೊಂದಿಸುವ ಕೆಲಸ ನಮ್ಮದು. ಇದನ್ನು ತಪ್ಪಿಸಲು ಚೆಕ್‌ರೋಲನ್ನು ತೋಟದವರು ಮಾತ್ರ ಬರೆಯುತ್ತಾರೆ: ಅಲ್ಲಿ ಆ ಫೋಲ್ಡರ್ ‘ಕಳಿಸುವುದು ಮಾತ್ರ’, ನಮ್ಮಲ್ಲಿ ‘ಪಡೆಯುವುದು ಮಾತ್ರ’. ಇನ್ನೊಂದು, ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆಯೂ ಅಳಿಯುತ್ತದೆ. ಹಳೆಯ ಪ್ರತಿ ಉಳಿಸುವ ಸೌಲಭ್ಯವಿದೆ, ಆದರೆ ಅದನ್ನು ನಾವೇ ಆನ್ ಮಾಡಬೇಕು. ಅದು ಎದುರು ಕಡೆಯಿಂದ ಬಂದ ಬದಲಾವಣೆಗಷ್ಟೇ ಅನ್ವಯವಾಗುವುದರಿಂದ, ಎರಡೂ ಕಡೆಯಿಂದ ಬರೆಯುವ ಫೋಲ್ಡರಿಗೆ ಎರಡೂ ಕಡೆ ಆನ್ ಮಾಡಿ.

ಟ್ಯಾಲಿ ಎಂಬ ಲೆಕ್ಕಪತ್ರದ ತಂತ್ರಾಂಶ ಬಳಸುವವರಿಗೆ ಒಂದು ಮಾತು. ಕಂಪನಿಯ ಲೆಕ್ಕ ಇರುವ, 10000ದಂಥ ಅಂಕೆಯ ಹೆಸರಿನ ಫೋಲ್ಡರನ್ನು ಸಿಂಕ್‌ಥಿಂಗ್‌ಗಾಗಲಿ ಗೂಗಲ್ ಡ್ರೈವ್‌ಗಾಗಲಿ ನೇರವಾಗಿ ಒಪ್ಪಿಸಬೇಡಿ. ಅದರೊಳಗಿನ ಫೈಲುಗಳು ಒಂದಕ್ಕೊಂದು ಹೊಂದಿಕೊಂಡಿರಬೇಕು, ಅರ್ಧ ಹೋಗಿ ಅರ್ಧ ಉಳಿದರೆ ಲೆಕ್ಕ ಕೆಡುತ್ತದೆ. ಟ್ಯಾಲಿ ಮುಚ್ಚುವ ಮುನ್ನ ಬ್ಯಾಕಪ್ ತೆಗೆದು ಆ ಬ್ಯಾಕಪ್ ಫೈಲನ್ನು ಮಾತ್ರ ಹಂಚಿ.

ಉಳಿದ ತೊಡಕು, ಎರಡೂ ಕಂಪ್ಯೂಟರ್ ಒಟ್ಟಿಗೆ ಎಚ್ಚರವಿರಬೇಕೆಂಬುದು. ನಾವು ಸಂಜೆ ಬಾಗಿಲು ಹಾಕುವ ಹೊತ್ತಿಗೆ ತೋಟದಲ್ಲಿ ಹಾಜರಿ ಬರೆಯುವುದು ಶುರುವಾಗುತ್ತದೆ. ಹಾಸನದ ತಂಗಿಯ ಮನೆಯಲ್ಲಿ ಯುಪಿಎಸ್ ಇದೆ; ಅಲ್ಲಿ ಹಳೆಯ ಲ್ಯಾಪ್‌ಟಾಪೊಂದನ್ನು ಮೂರನೆಯ ಕೊಂಡಿಯಾಗಿ ಸದಾ ಆನ್ ಇಟ್ಟಿದ್ದೇವೆ. ಅದಕ್ಕೆ ಹೋಗುವ ಫೋಲ್ಡರಿಗೆ ಸಿಂಕ್‌ಥಿಂಗ್‌ನಲ್ಲೇ ಪಾಸ್‌ವರ್ಡ್ ಕೊಟ್ಟಿರುವುದರಿಂದ ಅಲ್ಲಿ ಉಳಿಯುವುದು ಗೂಢಲಿಪಿಯ ಪ್ರತಿ ಮಾತ್ರ. ಲ್ಯಾಪ್‌ಟಾಪ್ ಕಳೆದುಹೋದರೂ ಕೂಲಿಯವರ ವಿವರ ಯಾರ ಕಣ್ಣಿಗೂ ಬೀಳುವುದಿಲ್ಲ.