ಮುಧೋಳ ನಾಯಿಗೆ ಎದೆಕೊಂಡಿಯ ಹಾರ್ನೆಸ್: ಎರಡು ಮಳೆಗಾಲ ಬಳಸಿದ ಮೇಲೆ

ಎದೆಯ ಮುಂದೆ ಕೊಂಡಿ ಇರುವ ಹಾರ್ನೆಸ್ (ಕುತ್ತಿಗೆ ಬೆಲ್ಟ್ ಬದಲು ನಾಯಿಯ ಎದೆ, ಬೆನ್ನು ಸುತ್ತಿ ಹಾಕುವ ಪಟ್ಟಿ) ಹಾಕಿದರೆ ನಾಯಿ ಎಳೆಯುವುದು ನಿಲ್ಲುತ್ತದೆ ಅಂತ ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿತ್ತು. ನಿಲ್ಲುವುದಿಲ್ಲ, ಕಡಿಮೆ ಆಗುತ್ತದೆ. ಉಳಿದದ್ದು ನಮ್ಮ ಕೆಲಸ. 1,200 ರೂಪಾಯಿ ಕೊಡುವ ಮುಂಚೆ ಇದು ಗೊತ್ತಿರಲಿ.

ನಮ್ಮ ಗಂಗಿ ಮುಧೋಳ ತಳಿ. ಉದ್ದ ಕಾಲು, ಆಳವಾದ ಎದೆ, ಸೊಂಟ ಇದೆಯೋ ಇಲ್ಲವೋ ಅನ್ನುವಷ್ಟು ಸಣ್ಣ. ಕಣ್ಣಿನಿಂದಲೇ ಬೇಟೆ ಹಿಡಿಯುವ ನಾಯಿ ಇದು. ಧಾರವಾಡದಲ್ಲಿ ನಮ್ಮ ಮನೆಯಿಂದ ಕೆಲಗೇರಿ ಕೆರೆಗೆ ಹೋಗುವ ದಾರಿಯಲ್ಲಿ ಒಂದು ಅಳಿಲು ಅಲುಗಿದರೂ ಸಾಕು, ಭುಜ ಕಿತ್ತು ಬರುವ ಹಾಗೆ ಎಳೆಯುತ್ತಿದ್ದಳು. ಮಾಮೂಲಿ ಕುತ್ತಿಗೆ ಬೆಲ್ಟ್ ಈ ತಳಿಗೆ ಆಗಿಬರುವುದಿಲ್ಲ. ತಲೆ ಸಣ್ಣ, ಕುತ್ತಿಗೆ ಉದ್ದ. ಹಿಂದಕ್ಕೆ ಜಗ್ಗಿದರೆ ಬೆಲ್ಟ್ ಸಲೀಸಾಗಿ ಕಿವಿ ದಾಟಿ ಕಳಚಿಕೊಳ್ಳುತ್ತದೆ.

ಇದಕ್ಕೆ ಮುಂಚೆ ತರಬೇತಿ ಕೊಡುವವರೊಬ್ಬರನ್ನು ಮನೆಗೆ ಕರೆಸಿದ್ದೆವು. ಚೋಕ್ ಚೈನ್ (ಜಗ್ಗಿದಷ್ಟೂ ಕುತ್ತಿಗೆಗೆ ಬಿಗಿಯಾಗುವ ಸರಪಳಿ) ಹಾಕಿ, ಎಳೆದಾಗೆಲ್ಲ ಜೋರಾಗಿ ಜಗ್ಗಿ ಅಂದರು. ಅವರು ಜಗ್ಗಿ ತೋರಿಸಿದ ಕೂಡಲೇ ಗಂಗಿ ಕೆಮ್ಮಿದಳು. ಅವತ್ತಿನ ಫೀಸು ಕೊಟ್ಟು ಕಳಿಸಿಬಿಟ್ಟೆವು. ಆ ಸರಪಳಿಯ ಪೆಟ್ಟು ನೇರವಾಗಿ ಗಂಟಲ ಮೇಲೆ ಬೀಳುತ್ತದೆ. ಇನ್ನೊಂದು ತೊಂದರೆಯೂ ಇದೆ. ಬೀದಿನಾಯಿ ಕಂಡಾಗೆಲ್ಲ ಕುತ್ತಿಗೆ ನೋಯ್ತು ಅಂದರೆ, ಆ ನೋವಿಗೂ ಎದುರಿನ ನಾಯಿಗೂ ನಾಯಿಯ ಮನಸ್ಸಿನಲ್ಲಿ ಗಂಟು ಬಿದ್ದುಬಿಡಬಹುದು. ಆಮೇಲೆ ದೂರದಲ್ಲಿ ನಾಯಿ ಕಂಡರೂ ಬೊಗಳಾಟ ಶುರು.

ಹಾರ್ನೆಸ್‌ನಲ್ಲಿ ಆ ಪೆಟ್ಟು ಇಲ್ಲ. ಹಗ್ಗ ಎದೆಯ ಕೊಂಡಿಗೆ ಹಾಕಿರುವುದರಿಂದ ಗಂಗಿ ಮುಂದಕ್ಕೆ ನುಗ್ಗಿದರೆ ಮೈ ಪಕ್ಕಕ್ಕೆ, ನಮ್ಮ ಕಡೆಗೇ ತಿರುಗುತ್ತದೆ. ಬಲವೆಲ್ಲ ಹಾಕಿ ಎಳೆಯಲು ಅವಳಿಗೆ ದಾರಿಯೇ ಸಿಗುವುದಿಲ್ಲ. ಇಷ್ಟರ ಮಟ್ಟಿಗೆ ಕೊಟ್ಟ ದುಡ್ಡಿಗೆ ಮೋಸ ಇಲ್ಲ.

ಆದರೆ ಕಂಕುಳು! ಮುಂಗಾಲಿನ ಹಿಂದೆ ಹಾದುಹೋಗುವ ಪಟ್ಟಿ ಒಂದೇ ವಾರದಲ್ಲಿ ಅಲ್ಲಿನ ಕೂದಲು ಉಜ್ಜಿ ಹಾಕಿತು. ಮುಧೋಳದ ಕೂದಲು ತೀರಾ ಗಿಡ್ಡ, ಚರ್ಮ ತೆಳು. ಮಳೆಯಲ್ಲಿ ನೆನೆದ ಪಟ್ಟಿ ಇನ್ನೂ ಗಡಸು. ಒಂದು ಸಂಜೆ ಕಾಲು ಎತ್ತಿ ನೋಡಿದರೆ ಎರಡೂ ಕಡೆ ಕೆಂಪಗಾಗಿತ್ತು. ಸಡಿಲ ಮಾಡಿದರೆ ಹಿಂದಕ್ಕೆ ಸರಿದು ಪೂರ್ತಿ ಹಾರ್ನೆಸ್ಸನ್ನೇ ಕಳಚಿಕೊಳ್ಳುತ್ತಾಳೆ. ಬಿಗಿ ಮಾಡಿದರೆ ಗಾಯ. ನನಗೆ ನಿಜವಾಗಿ ಸಿಟ್ಟು ಬಂದದ್ದು ಇಲ್ಲೇ. ಮುಧೋಳ ನಮ್ಮದೇ ತಳಿ. 2005ರಲ್ಲಿ ಅಂಚೆ ಇಲಾಖೆ ಈ ನಾಯಿಯ ಸ್ಟ್ಯಾಂಪ್ ತಂದಿದೆ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಇದಕ್ಕಂತಲೇ ಸಂಶೋಧನಾ ಕೇಂದ್ರ ಇದೆ. ಆದರೂ ನಾನು ನೋಡಿದ ಅಂಗಡಿಗಳಲ್ಲಿ ಸಿಕ್ಕ ಹಾರ್ನೆಸ್ಸುಗಳೆಲ್ಲ ಲ್ಯಾಬ್ರಡಾರ್ ಮೈಗೆ ಹೊಲಿದವು. ನಮ್ಮ ನಾಯಿಯ ಅಳತೆಗೆ ಒಂದು ಹಾರ್ನೆಸ್ ಹೊಲಿಯಲು ಯಾರಿಗೂ ಆಗುವುದಿಲ್ವಾ?

ಕೊನೆಗೆ ಸುಭಾಸ ರಸ್ತೆಯ ಟೇಲರ್ ಒಬ್ಬರ ಹತ್ತಿರ ಒಯ್ದೆ. ಪಟ್ಟಿಯನ್ನು ಬೆರಳಲ್ಲಿ ಉಜ್ಜಿ ನೋಡಿ, 'ಹಳೇ ಸ್ವೆಟರ್ ಇದ್ರ ತೊಗೊಂಡ ಬರ್ರಿ' ಅಂದರು. ಸ್ವೆಟರ್ ತೋಳು ಕತ್ತರಿಸಿ, ಒಳಗೆ ಹೊಲಿಗೆ ತಾಗದ ಹಾಗೆ ಪಟ್ಟಿಗೆ ಸುತ್ತಿ ಹೊಲಿದು ಕೊಟ್ಟರು. ಅಲ್ಲಿಂದ ಗಾಯ ಇಲ್ಲ. ಕಳಚಿಕೊಳ್ಳುವುದಕ್ಕೂ ಉಪಾಯ ಇದೆ. ಕುತ್ತಿಗೆಗೆ ಮಾರ್ಟಿಂಗೇಲ್ ಬೆಲ್ಟ್ ಹಾಕಿ (ಜಗ್ಗಿದಾಗ ಒಂದು ಹಂತದವರೆಗೆ ಮಾತ್ರ ಬಿಗಿಯಾಗುವಂಥದ್ದು), ಅದಕ್ಕೂ ಹಾರ್ನೆಸ್ಸಿಗೂ ನಡುವೆ ಒಂದು ಚಿಕ್ಕ ಪಟ್ಟಿ ಜೋಡಿಸಿದ್ದೇವೆ. ಒಂದು ಜಾರಿದರೂ ಇನ್ನೊಂದು ಹಿಡಿದುಕೊಳ್ಳುತ್ತದೆ.

ಈಗ ಬೆಳಿಗ್ಗೆ ಹಾರ್ನೆಸ್ ಮೊಳೆಯಿಂದ ತೆಗೆಯುವ ಸದ್ದು ಕೇಳಿದರೆ ಸಾಕು, ಗಂಗಿ ಬಂದು ಮುಂದೆ ಕೂರುತ್ತಾಳೆ. ಮೊದಮೊದಲು ತಲೆ ತೂರಿಸಲು ಬಿಡುತ್ತಿರಲಿಲ್ಲ. ಬರೀ ತೋರಿಸಿ ಒಂದು ಚೂರು ಬೇಯಿಸಿದ ಚಿಕನ್ ಕೊಟ್ಟೆವು. ಆಮೇಲೆ ಮೂಗು ಒಳಗೆ ಬಂದರೆ ಒಂದು ಚೂರು, ಆಮೇಲೆ ಪೂರ್ತಿ ತಲೆಗೆ ಒಂದು. ಈಗ ತಾನೇ ತಲೆ ತೂರಿಸಿ, ಬಕಲ್ 'ಟಕ್' ಅಂದ ಮೇಲೆ ನನ್ನ ಕೈ ನೋಡುತ್ತಾಳೆ. ಆ ಚೂರು ಈಗಲೂ ತಪ್ಪಿಲ್ಲ.

ರಸ್ತೆಯಲ್ಲಿ ಒಂದೇ ನಿಯಮ. ಹಗ್ಗ ಬಿಗಿಯಾದರೆ ನಾವು ನಿಲ್ಲುತ್ತೇವೆ, ಸಡಿಲ ಬಿಟ್ಟ ಕ್ಷಣ ಹೊರಡುತ್ತೇವೆ. ಎಳೆದು ಎಳೆದು ಲೈಟ್ ಕಂಬ ಮುಟ್ಟಿದರೆ ಎಳೆತಕ್ಕೆ ಬಹುಮಾನ ಸಿಕ್ಕಂತೆ, ಅಲ್ವಾ? ಮಾವನವರು ಮಾತ್ರ 'ಪಾಪ, ಹೋಗ್ಲಿ ಬಿಡು' ಅಂತ ಅವಳ ಹಿಂದೆಯೇ ಓಡುತ್ತಿದ್ದರು. ಅವರನ್ನು ಒಪ್ಪಿಸಲು ನಾಯಿಯನ್ನು ಒಪ್ಪಿಸಿದ್ದಕ್ಕಿಂತ ಜಾಸ್ತಿ ದಿನ ಬೇಕಾಯಿತು. ಮನೆಯಲ್ಲಿ ಒಬ್ಬರು ಈ ನಿಯಮ ಮುರಿದರೂ ಕಲಿತದ್ದು ಹಾಳಾಗುತ್ತದೆ.

ಇಷ್ಟೆಲ್ಲ ಸಿಟ್ಟಿದ್ದರೂ ಈ ಹಾರ್ನೆಸ್ಸನ್ನು ನಾನು ಬಿಡದಿರುವುದಕ್ಕೆ ಕಾರಣ ಬೆನ್ನ ಮೇಲಿರುವ ಎರಡನೇ ಕೊಂಡಿ. ಕೊಂಡಾಗ ಅದನ್ನು ಯಾರೂ ಹೊಗಳಿ ಹೇಳಲಿಲ್ಲ. ಕೆರೆಯ ಪಕ್ಕದ ಬಯಲಿಗೆ ಬಂದಮೇಲೆ ಗಿಡ್ಡ ಹಗ್ಗ ತೆಗೆದು, ಉದ್ದನೆಯದನ್ನು ಬೆನ್ನ ಕೊಂಡಿಗೆ ಹಾಕುತ್ತೇನೆ. ಆಮೇಲೆ ಕಾಲು ಗಂಟೆ ಅವಳದೇ. ಒಂದು ಹುಲ್ಲುಗುಂಪಿನ ಹತ್ತಿರ ನಿಂತು ಮೂಸಲು ಶುರು ಮಾಡಿದರೆ ಮೂಗಿನ ಹೊಳ್ಳೆ ಸಣ್ಣಗೆ ನಡುಗುತ್ತಿರುತ್ತದೆ, ಕಿವಿ ಹಿಂದಕ್ಕೆ ಬಿದ್ದಿರುತ್ತದೆ. ಬೀದಿನಾಯಿ ಉಚ್ಚೆ ಹೊಯ್ದ ಕಲ್ಲನ್ನು ನಾಲ್ಕೂ ಕಡೆಯಿಂದ ಪರೀಕ್ಷೆ ಮಾಡುತ್ತಾಳೆ. ಕಣ್ಣಿನ ನಾಯಿ ಅಂದುಕೊಂಡಿದ್ದವಳಿಗೆ ಇಷ್ಟು ಮೂಗಿನ ಹುಚ್ಚು ಇದೆ ಅಂತ ನನಗೆ ಗೊತ್ತಾದದ್ದೇ ಹೀಗೆ. ಇದು ಶುರುವಾದ ಮೇಲೆ ಮನೆಯಲ್ಲಿ ಚಪ್ಪಲಿ ಕಡಿಯುವುದು ನಿಂತಿದೆ. ಪಾರ್ಸೆಲ್ ಹುಡುಗರು ಬಂದರೆ ಗೇಟಿಗೆ ಹಾರುವುದೂ ಬಹಳ ಇಳಿದಿದೆ. ದಿನಕ್ಕೆ ಎರಡು ಸಲ ಓಡಿಸಿದಾಗ ಆಗದ್ದು ಮೂಸಲು ಬಿಟ್ಟಾಗ ಆಯಿತು.

ನಿಮ್ಮದು ಲ್ಯಾಬ್ ಅಥವಾ ನಮ್ಮ ಬೀದಿತಳಿಯ ನಾಯಿ ಆದರೆ ಧೈರ್ಯವಾಗಿ ಕೊಳ್ಳಿ. ಮುಧೋಳ, ರಾಜಪಾಳ್ಯಂ ತಳಿಯ ನಾಯಿ ಇದ್ದವರು ಎದೆಯ ಸುತ್ತಳತೆ ಟೇಪ್‌ನಲ್ಲಿ ಅಳೆದು, ಅಂಗಡಿಯಲ್ಲೇ ಹಾಕಿ ನೋಡಿ. ಪಟ್ಟಿಯ ಕೆಳಗೆ ಎರಡು ಬೆರಳು ಹೋಗಬೇಕು. ಟೇಲರ್ ಖರ್ಚೂ ಸೇರಿಸಿಕೊಳ್ಳಿ. ಉದ್ದ ಹಗ್ಗವನ್ನು ಎದೆಕೊಂಡಿಗೆ ಯಾವತ್ತೂ ಹಾಕಬೇಡಿ, ಓಡಿ ಕೊನೆ ಮುಟ್ಟಿದರೆ ಮೈ ತಿರುಚಿಕೊಳ್ಳುತ್ತದೆ. 5 ಮೀಟರಿಗಿಂತ ಜಾಸ್ತಿ ಉದ್ದವೂ ಬೇಡ, ಈ ನಾಯಿಗಳು ವೇಗ ಹಿಡಿಯಲು ಅಷ್ಟು ಜಾಗವೇ ಸಾಕು. ನೈಲಾನ್ ಹಗ್ಗ ಕೈ ಸುಡುತ್ತದೆ. ದನದ ಹಗ್ಗ ಮಾರುವ ಅಂಗಡಿಯಲ್ಲಿ ದಪ್ಪ ಹತ್ತಿ ಹಗ್ಗ ಸಿಗುತ್ತದೆ, ತುದಿಗೆ ಗಟ್ಟಿ ಕೊಂಡಿ ಹಾಕಿಸಿಕೊಂಡರೆ ಆಯಿತು.