ಹತ್ತಕ್ಕೆ ಹತ್ತು ಬಂದ ಆಟಗಳನ್ನೇ ಆರಿಸಿ ಆಡಿದೆ: ಯಾರ ಫುಲ್ ಮಾರ್ಕ್ಸ್ ನಂಬೋದು?

ಜಗಳ ಶುರುವಾಗಿದ್ದು ಒಂದು ಕುದುರೆಯಿಂದ. ಹಬ್ಬಕ್ಕೆ ದಾವಣಗೆರೆಗೆ ಹೋಗಿದ್ದೆ. ತಮ್ಮ, ವಿಮರ್ಶಕರು ಹತ್ತಕ್ಕೆ ಹತ್ತು ಕೊಟ್ಟಿದ್ದ ಎಲ್ಡನ್ ರಿಂಗ್ ಎಂಬ ವಿಡಿಯೋ ಗೇಮ್ ಆಡುತ್ತಾ ಕೂತಿದ್ದ. ಅವನ ಕುದುರೆ ಬಂಡೆಯ ಅಂಚಿನಲ್ಲಿ ಸ್ವಲ್ಪ ಹೊತ್ತು ಒದ್ದಾಡಿ, ಸವಾರನ ಸಮೇತ ಕೆಳಗೆ ಬಿತ್ತು. "ಇದಕ್ಕೆ ಹತ್ತಕ್ಕೆ ಹತ್ತಾ ಅಣ್ಣ? ಹತ್ತು ಅಂದ್ರೆ ಒಂದು ತಪ್ಪೂ ಇರಬಾರದು ಅಲ್ವಾ?" ಅಂದ. "ಹಾಗೇನಿಲ್ಲ ಕಣೋ" ಅಂದೆ. ವಾದ ಮುಗಿಯುವಷ್ಟರಲ್ಲಿ ಅಮ್ಮ ಬಡಿಸಿದ್ದ ಹೋಳಿಗೆ ತಣ್ಣಗಾಗಿತ್ತು.

ನಮ್ಮ ಸ್ಕೂಲಿನ ಗಣಿತದ ಮೇಷ್ಟ್ರು ನೂರಕ್ಕೆ ನೂರು ಕೊಡುತ್ತಿದ್ದರು. ಲೆಕ್ಕ ಸರಿ ಇದ್ದರೆ ಸರಿ, ಅಷ್ಟೇ. ಕನ್ನಡ ಮೇಷ್ಟ್ರು ಪ್ರಬಂಧಕ್ಕೆ ಹತ್ತರಲ್ಲಿ ಎಂಟರ ಮೇಲೆ ಯಾರಿಗೂ ಕೊಟ್ಟವರಲ್ಲ. ಒಂದೇ ಒಂದು ಸಲ ಒಬ್ಬಳು ಹುಡುಗಿಗೆ ಹತ್ತು ಕೊಟ್ಟರು. ಅವಳ ಪ್ರಬಂಧದಲ್ಲಿ ಎರಡು ಕಾಗುಣಿತದ ತಪ್ಪಿದ್ದವು, ಅವಕ್ಕೆ ಕೆಂಪು ಸುತ್ತು ಹಾಕಿಯೇ ಹತ್ತು ಕೊಟ್ಟಿದ್ದರು. ತಮ್ಮ ಕೇಳುತ್ತಿರುವುದು ಗಣಿತದ ಹತ್ತು. ನಾನು ಹೇಳುತ್ತಿರುವುದು ಪ್ರಬಂಧದ ಹತ್ತು.

ಸುಮ್ನೆ ಬಾಯಿಮಾತಿನ ವಾದ ಬೇಡ ಅಂತ ಒಂದು ಲೆಕ್ಕ ಹಾಕಿಕೊಂಡೆ. ಬೇರೆ ಬೇರೆ ಕಡೆ ಅತಿ ಹೆಚ್ಚು ಅಂಕ ಪಡೆದ ಒಂದೊಂದು ಆಟ ತಗೊಂಡು, ಕನಿಷ್ಠ ಇಪ್ಪತ್ತು ಗಂಟೆ ಆಡುವುದು. ಆಟ ಹೇಗಿದೆ ಅನ್ನುವುದಕ್ಕಿಂತ, ಆ ಅಂಕ ನನಗೆ ಹೇಳಿದ್ದೇನು, ಸಿಕ್ಕಿದ್ದೇನು ಅಂತ ನೋಡುವುದು. ಆಫೀಸು, ಮಗು ಎಲ್ಲದರ ಮಧ್ಯೆ ಒಂದೂವರೆ ವರ್ಷ ಹಿಡಿಯಿತು.

ಮೆಟಾಕ್ರಿಟಿಕ್ 97: ರೆಡ್ ಡೆಡ್ ರಿಡೆಂಪ್ಷನ್ 2

ಮೊದಲು ಇದು, ಯಾಕೆಂದರೆ ಎಲ್ಲರೂ ಮೊದಲು ನೋಡುವುದು ಇದನ್ನೇ. 2001ರಲ್ಲಿ ಶುರುವಾದ ಮೆಟಾಕ್ರಿಟಿಕ್ ಎಂಬ ವೆಬ್‌ಸೈಟ್ ತಾನಾಗಿ ಯಾವ ಆಟವನ್ನೂ ವಿಮರ್ಶಿಸುವುದಿಲ್ಲ. ಹತ್ತಾರು ಪತ್ರಿಕೆ, ವೆಬ್‌ಸೈಟ್‌ಗಳ ಅಂಕಗಳನ್ನು ಸೇರಿಸಿ ನೂರಕ್ಕೆ ಇಷ್ಟು ಅಂತ ಸರಾಸರಿ ತೆಗೆಯುತ್ತದೆ. ಅದೂ ನೇರ ಸರಾಸರಿಯಲ್ಲ. ಕೆಲವರ ಮಾತಿಗೆ ತೂಕ ಜಾಸ್ತಿ, ಕೆಲವರದಕ್ಕೆ ಕಮ್ಮಿ. ಯಾರದಕ್ಕೆ ಎಷ್ಟು ಅಂತ ಹೇಳುವುದಿಲ್ಲ.

ಇಲ್ಲಿ ಬಣ್ಣದ ಒಂದು ತಮಾಷೆ ಇದೆ. ಸಿನಿಮಾಗೆ 61 ಬಂದರೆ ಹಸಿರು ಬಣ್ಣ. ಆಟಕ್ಕೆ ಹಸಿರು ಬೇಕಾದರೆ 75 ಬೇಕು. ಒಂದೇ ಸೈಟು, ಎರಡು ಪಾಸ್ ಮಾರ್ಕು! ಗೇಮ್ ವಿಮರ್ಶೆಯಲ್ಲಿ ಅಂಕ ಎಷ್ಟು ಉಬ್ಬಿದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಎಸ್ಸೆಸ್ಸೆಲ್ಸಿಯಲ್ಲಿ 70 ಬಂದರೆ ಫಸ್ಟ್ ಕ್ಲಾಸ್ ಅಂತ ಪೇಡ ಹಂಚುತ್ತೇವೆ. ಗೇಮ್‌ಗೆ 70 ಬಂದರೆ ಜನ ಆ ಕಡೆ ತಲೆಯೂ ಹಾಕುವುದಿಲ್ಲ.

ಆ ಒಂದೊಂದು ಅಂಕದ ಹಿಂದೆ ದುಡ್ಡೂ ಇದೆ. 2010ರಲ್ಲಿ ಫಾಲೌಟ್: ನ್ಯೂ ವೇಗಸ್ ಬಂತು. 85 ಬಂದರೆ ಮಾತ್ರ ಅದನ್ನು ಮಾಡಿದ ಅಬ್ಸಿಡಿಯನ್‌ಗೆ ಬೋನಸ್ ಅಂತ ಒಪ್ಪಂದ ಇತ್ತು. ಬಂದದ್ದು 84. ಎರಡು ವರ್ಷದ ಮೇಲೆ ಆ ಆಟದ ಡಿಸೈನರ್ ಕ್ರಿಸ್ ಅವೆಲೋನ್ ಈ ವಿಷಯ ಬಾಯಿಬಿಟ್ಟರು. ಒಂದೇ ಒಂದು ಅಂಕ.

ಇನ್ನು ಆಟಕ್ಕೆ ಬರೋಣ. ರೆಡ್ ಡೆಡ್ 2ರಲ್ಲಿ ಬೀರುವಿನ ಒಂದೊಂದು ಖಾನೆಯನ್ನೂ ಕೈಯಿಂದ ಎಳೆಯಬೇಕು. ಒಂದೊಂದು ಡಬ್ಬಿಯನ್ನೂ ಕಥಾನಾಯಕ ಆರ್ಥರ್ ಎತ್ತಿ, ನೋಡಿ, ಚೀಲಕ್ಕೆ ಹಾಕುತ್ತಾನೆ. ಶಿಬಿರದೊಳಗೆ ಓಡುವಂತಿಲ್ಲ, ನಡೆಯಬೇಕು. ಮೊದಲ ವಾರ ನನಗೆ ಇದು ಹಬ್ಬ. ಹಿಮದ ಮೇಲೆ ಕುದುರೆಯ ಹೆಜ್ಜೆ ಬೀಳುವುದನ್ನು ನೋಡಲಿಕ್ಕೇ ನಿಲ್ಲುತ್ತಿದ್ದೆ. ಮೂರನೇ ವಾರ ರಾತ್ರಿ ಹನ್ನೊಂದಕ್ಕೆ ಮಗು ಮಲಗಿದ ಮೇಲೆ ಕೂತವನಿಗೆ ಅದೇ ನಡಿಗೆ ಸಾಕೋ ಸಾಕು ಅನ್ನಿಸಿತು. ಮೂವತ್ತು ಗಂಟೆಗೆ ಕೈಬಿಟ್ಟೆ.

ಆಟ ಕೆಟ್ಟದ್ದಾ? ಖಂಡಿತ ಅಲ್ಲ. ಆದರೆ 97 ನನಗೆ ಈ ನಡಿಗೆಯ ಬಗ್ಗೆ ಏನೂ ಹೇಳಲಿಲ್ಲ. ಹೇಳುವುದಾದರೂ ಹೇಗೆ, ಅದು ಯಾರ ಅಭಿಪ್ರಾಯವೂ ಅಲ್ಲ. ಸರಾಸರಿಯ ತುದಿಯಲ್ಲಿ ಕೂರಲು ಬೇಕಾದದ್ದು ಯಾರೂ ಬೇಡ ಅನ್ನದಿರುವುದು. ತುಂಬಾ ಜನ ಹುಚ್ಚೆದ್ದು ಪ್ರೀತಿಸುವುದು ಬೇರೆ ವಿಷಯ. ಮೆಟಾಕ್ರಿಟಿಕ್‌ನ ಪಟ್ಟಿಯಲ್ಲಿ ಇವತ್ತಿಗೂ ಎಲ್ಲಕ್ಕಿಂತ ಮೇಲೆ, 99ರಲ್ಲಿ, 1998ರ ಆಕರೀನಾ ಆಫ್ ಟೈಮ್ ಕೂತಿದೆ. ಅದರ ಹಿಂದೆಯೇ 98ರಲ್ಲಿ ಟೋನಿ ಹಾಕ್ ಸ್ಕೇಟಿಂಗ್ ಆಟದ ಎರಡನೇ ಭಾಗ. ಒಳ್ಳೆಯ ಆಟ, ಬೇಡ ಅನ್ನಲ್ಲ. ಆದರೆ ಲೋಕದ ಎರಡನೇ ಅತ್ಯುತ್ತಮ ಆಟ ಯಾವುದು ಅಂತ ಕೇಳಿದರೆ ಯಾರ ಬಾಯಲ್ಲೂ ಅದರ ಹೆಸರು ಬರುವುದಿಲ್ಲ.

ಸ್ಟೀಮ್‌ನ 98%: ಸ್ಟಾರ್‌ಡ್ಯೂ ವ್ಯಾಲಿ

ಇದು ತಮ್ಮನ ಪಕ್ಷ. ಅವನು ವಿಮರ್ಶಕರನ್ನು ನಂಬುವುದೇ ಇಲ್ಲ. "ದುಡ್ಡು ಕೊಟ್ಟು ತಗೊಂಡವರು ಹೇಳಲಿ" ಅನ್ನುತ್ತಾನೆ. ಸ್ಟೀಮ್ ಅಂದರೆ ಕಂಪ್ಯೂಟರ್ ಆಟ ಮಾರುವ ಆನ್‌ಲೈನ್ ಅಂಗಡಿ. ಅಲ್ಲಿ ಅಂಕ ಇಲ್ಲ. ಹೆಬ್ಬೆರಳು ಮೇಲೆ ಅಥವಾ ಕೆಳಗೆ, ಅಷ್ಟೇ. ಐನೂರಕ್ಕಿಂತ ಜಾಸ್ತಿ ಜನ ಬರೆದಿದ್ದು, ಅವರಲ್ಲಿ 95% ಮೇಲಕ್ಕೆ ತೋರಿಸಿದ್ದರೆ 'ಓವರ್‌ವೆಲ್ಮಿಂಗ್ಲಿ ಪಾಸಿಟಿವ್' ಎಂಬ ಪಟ್ಟ ಸಿಗುತ್ತದೆ.

ಎರಿಕ್ ಬರೋನ್ ಎಂಬ ಒಬ್ಬನೇ ಮನುಷ್ಯ ಕೂತು ಮಾಡಿದ ಆಟ ಇದು, 2016ರದ್ದು. ಶುರುವಿನಲ್ಲೇ ಊರ ಮುಖ್ಯಸ್ಥ 15 ಪಾರ್ಸ್ನಿಪ್ ಬೀಜ ಕೊಡುತ್ತಾನೆ. ಹೆಚ್ಚೂಕಮ್ಮಿ ನಮ್ಮ ಮೂಲಂಗಿ ಅಂದುಕೊಳ್ಳಿ. ನೆಲ ಅಗೆದು, ಬೀಜ ಹಾಕಿ, ದಿನಾ ನೀರು ಹಾಕುತ್ತಾ ಹೋಗುವುದು. ಅಮ್ಮ ಹಿಂದೆ ನಿಂತು ನೋಡಿ, "ಊರಲ್ಲಿ ಹೊಲ ಬೀಳು ಬಿದ್ದಿದೆ, ಇಲ್ಲಿ ಟಿವಿಯೊಳಗೆ ನೀರು ಹಾಯಿಸ್ತಾ ಕೂತಿದೀಯಲ್ಲೋ" ಅಂದರು. ಉತ್ತರ ಇರಲಿಲ್ಲ. ಆಟದೊಳಗೆ ರಾತ್ರಿ ಎರಡಾದರೆ ನಮ್ಮ ರೈತ ಎಲ್ಲಿದ್ದಾನೋ ಅಲ್ಲೇ ಕುಸಿದು ಬೀಳುತ್ತಾನೆ. ಹೊರಗೂ ಎರಡಾದ ರಾತ್ರಿಗಳಿದ್ದವು.

ಹಾಗಾದರೆ ತಮ್ಮ ಗೆದ್ದನಾ? ಪೂರ್ತಿ ಅಲ್ಲ. ಸ್ಟೀಮ್‌ನಲ್ಲಿ "ಪರವಾಗಿಲ್ಲ, ಆಡಬಹುದು" ಅನ್ನುವವನ ಬೆರಳೂ "ಇದು ನನ್ನ ಜೀವ" ಅನ್ನುವವನ ಬೆರಳೂ ಒಂದೇ ಲೆಕ್ಕ. ಅದರ ಮೇಲೆ, ಹೊಲ ಉಳುವ ಆಟ ಕೊಳ್ಳುವವರು ಹೊಲ ಉಳುವುದು ಇಷ್ಟ ಅಂತ ಗೊತ್ತಿದ್ದೇ ಕೊಳ್ಳುತ್ತಾರೆ. ಐನೂರು ರೂಪಾಯಿಯೊಳಗೆ ಸಿಗುವ ಆಟದ ಮೇಲೆ ಕೋಪವೂ ಕಮ್ಮಿ. ನಾಲ್ಕೈದು ಸಾವಿರ ಕೊಟ್ಟು ಕೊಂಡದ್ದು ತಡವರಿಸಿದರೆ ಬರುವ ಕೋಪವೇ ಬೇರೆ.

ಎಲ್ಡನ್ ರಿಂಗ್ ವಿಷಯದಲ್ಲಿ ಆದದ್ದು ಅದೇ. 2022ರ ಫೆಬ್ರವರಿಯಲ್ಲಿ ಅದು ಬಂದಾಗ ಐಜಿಎನ್ ಎಂಬ ಗೇಮ್ ವಿಮರ್ಶೆಯ ವೆಬ್‌ಸೈಟ್ ಹತ್ತು ಕೊಟ್ಟಿತು, ಎಡ್ಜ್ ಪತ್ರಿಕೆ ಹತ್ತು ಕೊಟ್ಟಿತು. ಅದೇ ದಿನಗಳಲ್ಲಿ ಸ್ಟೀಮ್‌ನಲ್ಲಿ ಅದರ ಮೇಲೆ 'ಮಿಕ್ಸ್ಡ್' ಅಂತ ಹಳದಿ ಚೀಟಿ. ಕಂಪ್ಯೂಟರ್‌ನಲ್ಲಿ ಆಟ ನಿಂತು ನಿಂತು ಓಡುತ್ತಿತ್ತು. ಇಬ್ಬರೂ ಸುಳ್ಳು ಹೇಳಲಿಲ್ಲ. ವಿಮರ್ಶಕರು ಅಡುಗೆಯ ರುಚಿಗೆ ಅಂಕ ಕೊಟ್ಟರು, ಕೊಂಡವರು ತಟ್ಟೆಯಲ್ಲಿದ್ದ ಕಲ್ಲಿಗೆ.

ಸ್ಟೀಮ್‌ನಲ್ಲಿ ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಶೇಕಡಾವಾರು ಅಲ್ಲ. ಪ್ರತಿ ಬರಹದ ಪಕ್ಕ ಆ ಮನುಷ್ಯ ಎಷ್ಟು ಗಂಟೆ ಆಡಿದ್ದಾನೆ ಅಂತ ಕಾಣುತ್ತದಲ್ಲ, ಅದು. ನಾನೂರು ಗಂಟೆ ಆಡಿ ಬೆರಳು ಕೆಳಗೆ ಮಾಡಿದವನ ಸಂಕಟ ಓದುವುದರಲ್ಲಿ ಒಂದು ಸುಖವಿದೆ, ಕಲಿಯುವುದೂ ಇದೆ.

ಎಡ್ಜ್ 10: ಬ್ರೆತ್ ಆಫ್ ದ ವೈಲ್ಡ್

ಎಡ್ಜ್ ಇಂಗ್ಲೆಂಡಿನ ಪತ್ರಿಕೆ, 1993ರಿಂದ ಬರುತ್ತಿದೆ. ನಮ್ಮ ಕನ್ನಡ ಮೇಷ್ಟ್ರ ಜಾತಿ. ಮೊದಲ ಹತ್ತು ಕೊಟ್ಟದ್ದು 1996ರಲ್ಲಿ, ಸೂಪರ್ ಮಾರಿಯೊ 64ಕ್ಕೆ. ಅದಕ್ಕೂ ಮೊದಲು ರಾಕ್ಷಸರಿಗೆ ಗುಂಡು ಹೊಡೆಯುವ ಡೂಮ್ ಆಟಕ್ಕೆ ಏಳು ಕೊಟ್ಟಿದ್ದರು. ಆ ವಿಮರ್ಶೆಯ ಕೊನೆಯಲ್ಲಿ, ಗುಂಡು ಹೊಡೆಯುವ ಬದಲು ಈ ಪ್ರಾಣಿಗಳ ಜೊತೆ ಮಾತಾಡಲು ಆಗಿದ್ದರೆ ಅಂತ ಬೇರೆ ಬರೆದರು. ಜನ ಮೂವತ್ತು ವರ್ಷದಿಂದ ಆ ಮಾತಿಗೆ ನಗುತ್ತಿದ್ದಾರೆ. ನಾನೂ ನಕ್ಕಿದ್ದೆ. ಆಮೇಲೆ 2015ರಲ್ಲಿ ಅಂಡರ್‌ಟೇಲ್ ಬಂತು. ಅದರಲ್ಲಿ ರಾಕ್ಷಸರ ಜೊತೆ ಮಾತಾಡಿ, ಸಮಾಧಾನ ಮಾಡಿ ಕಳಿಸಬಹುದು. ಇಪ್ಪತ್ತು ವರ್ಷ ಮೊದಲೇ ಕೇಳಿದ್ದರು ಅನ್ನಿಸಿತು.

ಬ್ರೆತ್ ಆಫ್ ದ ವೈಲ್ಡ್ ಓಡುವ ಸ್ವಿಚ್ ಯಂತ್ರ ನಮ್ಮಲ್ಲಿ ನೇರವಾಗಿ ಮಾರಾಟಕ್ಕಿಲ್ಲ. ಮೆಜೆಸ್ಟಿಕ್ ಹತ್ತಿರದ ನ್ಯಾಷನಲ್ ಮಾರ್ಕೆಟ್‌ನಲ್ಲಿ ಚೌಕಾಶಿ ಮಾಡಿ ತಂದದ್ದು. ಆಟದಲ್ಲಿ ಮೊದಲ ದಿನ ಒಂದು ಬೆಟ್ಟ ಹತ್ತುತ್ತಿದ್ದೆ. ತುದಿ ಕೈಗೆ ಸಿಗುವಷ್ಟು ಹತ್ತಿರ. ಮಳೆ ಶುರುವಾಯಿತು. ಕೈ ಜಾರಿತು, ಮತ್ತೆ ಹತ್ತಿದೆ, ಮತ್ತೆ ಜಾರಿತು. ಮಲೆನಾಡಲ್ಲಿ ಬೆಳೆದವರಿಗೆ ಗೊತ್ತು, ಮಳೆ ಬಂದರೆ ಏನು ಮಾಡಬೇಕು ಅಂತ. ಬಂಡೆಯ ಕೆಳಗೆ ಬೆಂಕಿ ಹಾಕಿಕೊಂಡು ಕೂತೆ. ಆಟದ ಗಡಿಯಾರ ಮುಂದೆ ಓಡಿಸಿ, ಮಳೆ ನಿಂತ ಮೇಲೆ ಹತ್ತಿದೆ. ಈ ಕಾಯುವಿಕೆಯನ್ನು ಬೇರೆ ಯಾವ ಆಟವೂ ನನಗೆ ಕೊಟ್ಟಿರಲಿಲ್ಲ.

ಇದೇ ಆಟದಲ್ಲಿ ಕತ್ತಿಗಳು ಮುರಿಯುತ್ತವೆ. ಚೆನ್ನಾಗಿರುವ ಕತ್ತಿ ಹತ್ತಿಪ್ಪತ್ತು ಏಟಿಗೆ ಪುಡಿ. 2017ರಲ್ಲಿ ಒಬ್ಬ ವಿಮರ್ಶಕರು ಇದನ್ನೂ ಸೇರಿಸಿ ಬೈದು ಏಳು ಕೊಟ್ಟರು. ಮೆಟಾಕ್ರಿಟಿಕ್ ಸರಾಸರಿ 98ರಿಂದ 97ಕ್ಕೆ ಇಳಿಯಿತು. ಅಷ್ಟಕ್ಕೇ ಸಿಟ್ಟಾದವರು ಆ ವಿಮರ್ಶಕರ ಸೈಟಿನ ಮೇಲೆ ದಾಳಿ ಮಾಡಿ ಬೀಳಿಸಿದರು! ನಾನು ಆ ಏಳರ ವಿಮರ್ಶೆಯನ್ನೂ ಓದಿದೆ. ಬರೆದದ್ದೆಲ್ಲ ನಿಜ. ಹತ್ತು ಕೊಟ್ಟವರು ಕಂಡದ್ದೂ ಅದೇ ಮುರಿಯುವ ಕತ್ತಿ. ಒಬ್ಬರಿಗೆ ಅದು ಕಿರಿಕಿರಿ. ಇನ್ನೊಬ್ಬರಿಗೆ, ಕೈಯಲ್ಲಿದ್ದದ್ದು ಹೋದಾಗ ಹೊಸದೊಂದು ಉಪಾಯ ಹುಡುಕುವ ನೆಪ. ನನ್ನದು ಎರಡನೇ ಪಕ್ಷ, ಆದರೂ ನನಗೆ ಆ ಏಳು ಹತ್ತರಷ್ಟೇ ಉಪಯೋಗಕ್ಕೆ ಬಂತು.

ಐದು ಕಡೆಯ ಫುಲ್ ಮಾರ್ಕ್ಸ್‌ನಲ್ಲಿ ನಾನು ಹೆಚ್ಚು ನಂಬುವುದು ಈ ಹತ್ತನ್ನೇ. ಕಂಜೂಸುತನಕ್ಕಲ್ಲ. ಅವರು ಏಳು ಯಾಕೆ ಕೊಡುತ್ತಾರೆ ಅಂತ ನನಗೆ ಅರ್ಥವಾಗುತ್ತದೆ, ಅದಕ್ಕೆ.

ಐಜಿಎನ್‌ನ ಹತ್ತಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅವರ ಲೆಕ್ಕದಲ್ಲಿ ಹತ್ತು ಅಂದರೆ 'ಮಾಸ್ಟರ್‌ಪೀಸ್'. ವಿಮರ್ಶಕರು ತುಂಬಾ ಜನ, ಒಬ್ಬೊಬ್ಬರ ಕೈ ಒಂದೊಂದು ಥರ. ಹಾಗಾಗಿ ಅಲ್ಲಿ ಸೈಟಿನ ಹೆಸರು ಬಿಟ್ಟು ಬರೆದವರ ಹೆಸರು ನೋಡುವುದು ಒಳ್ಳೆಯದು.

ಅಂಕವೇ ಇಲ್ಲದ್ದು: ಔಟರ್ ವೈಲ್ಡ್ಸ್

ಯೂರೋಗೇಮರ್ ಎಂಬ ವೆಬ್‌ಸೈಟ್ 2015ರಲ್ಲಿ ಅಂಕ ಕೊಡುವುದನ್ನೇ ಬಿಟ್ಟಿತು. ಬೇಕೇ ಬೇಕು, ಚೆನ್ನಾಗಿದೆ, ದೂರ ಇರಿ ಅನ್ನುವಂಥ ಮುದ್ರೆಗಳನ್ನಷ್ಟೇ ಒತ್ತುತ್ತಿತ್ತು. ಎಂಟು ವರ್ಷ ತಡೆದು, 2023ರಲ್ಲಿ ಐದು ಸ್ಟಾರ್‌ಗೆ ವಾಪಸ್ ಬಂತು. ಜನಕ್ಕೆ ಅಂಕ ಬೇಕು, ಏನು ಮಾಡೋದು.

ಅಂಕ ಇಲ್ಲದ ಆ ದಿನಗಳಲ್ಲೇ ಅವರು ಔಟರ್ ವೈಲ್ಡ್ಸ್ ಅನ್ನು 2019ರ ವರ್ಷದ ಆಟ ಅಂದಿದ್ದು. ಬೇರೆ ಕಡೆ ಸರಾಸರಿ 85ರ ಆಸುಪಾಸು ಇದ್ದ ಆಟ. ಬರೀ ಅಂಕ ನೋಡಿದ್ದರೆ ನಾನು ಮುಟ್ಟುತ್ತಿರಲಿಲ್ಲ. ಮರದ ಹಲಗೆ ಜೋಡಿಸಿದಂಥ ಒಂದು ರಾಕೆಟ್, 22 ನಿಮಿಷಕ್ಕೆ ಸೂರ್ಯ ಸಿಡಿದು ಎಲ್ಲ ಮತ್ತೆ ಮೊದಲಿಂದ. ಇಷ್ಟೇ ಹೇಳಬಹುದು, ಮಿಕ್ಕದ್ದು ಹೇಳಿದರೆ ನಿಮ್ಮ ಆಟ ಕೆಡುತ್ತದೆ. ಈ ಇಡೀ ಪ್ರಯೋಗದಲ್ಲಿ ಮುಗಿದಾಗ ಕಣ್ಣು ತೇವವಾದದ್ದು ಇದೊಂದಕ್ಕೇ.

ಫಮಿತ್ಸು 40: ಡೆತ್ ಸ್ಟ್ರ್ಯಾಂಡಿಂಗ್

ಜಪಾನಿನ ಫಮಿತ್ಸು ಪತ್ರಿಕೆಯಲ್ಲಿ ನಾಲ್ಕು ಜನ ತಲಾ ಹತ್ತರಲ್ಲಿ ಅಂಕ ಹಾಕುತ್ತಾರೆ. 1986ರಲ್ಲಿ ಶುರುವಾದ ಪತ್ರಿಕೆ 40ಕ್ಕೆ 40 ಮೊದಲು ಕೊಟ್ಟದ್ದು 1998ರಲ್ಲಿ, ಅದೇ ಆಕರೀನಾಗೆ. ಆಮೇಲೆ ಕೈ ಸಡಿಲವಾಗುತ್ತಾ ಬಂತು. 2019ರಲ್ಲಿ ಡೆತ್ ಸ್ಟ್ರ್ಯಾಂಡಿಂಗ್‌ಗೆ 40 ಬಂತು. ಆ ಆಟದೊಳಗೆ ಫಮಿತ್ಸುವಿನ ಹಿಂದಿನ ಸಂಪಾದಕರ ಮುಖವೇ ಒಂದು ಪಾತ್ರವಾಗಿ ಬರುತ್ತದೆ. ಅದಕ್ಕೇ ಅಂಕ ಬಂತು ಅಂತ ನಾನು ಹೇಳಲ್ಲ. ಆದರೆ ನೋಡಿದಾಗ ನಗು ಬಂದದ್ದು ನಿಜ.

ಅದೇ ಆಟಕ್ಕೆ ಐಜಿಎನ್ ಕೊಟ್ಟದ್ದು 6.8. ಎರಡೇ ತಿಂಗಳ ಮೇಲೆ, 2020ರ ಜನವರಿಯಲ್ಲಿ, ಐಜಿಎನ್ ದಶಮಾಂಶ ಬಿಟ್ಟು ಪೂರ್ಣಾಂಕಕ್ಕೆ ಬಂತು. ಸ್ವಲ್ಪ ತಡವಾಗಿ ಬಂದಿದ್ದರೆ ಆ ಪಾಯಿಂಟ್ ಎಂಟು ಇರುತ್ತಲೇ ಇರಲಿಲ್ಲ.

ಆಟ ಏನು ಅಂದರೆ ಹೊರೆ ಹೊರುವುದು. ಬೆನ್ನ ಮೇಲೆ ಪೆಟ್ಟಿಗೆಗಳ ಗೋಪುರ. ಎಡಕ್ಕೆ ವಾಲಿದರೆ ಬಲಗಡೆಯ ಬಟನ್, ಬಲಕ್ಕೆ ವಾಲಿದರೆ ಎಡಗಡೆಯದು. ಹೊಳೆ ದಾಟುವಾಗ ಕಾಲು ಜಾರಿ ಪೆಟ್ಟಿಗೆಗಳೆಲ್ಲ ತೇಲಿಹೋದವು, ಅವುಗಳ ಹಿಂದೆ ನಾನೂ ಓಡಿದೆ. ಇನ್ನೊಂದು ದಿನ ಬಂಡೆಯ ಬುಡದಲ್ಲಿ ದಾರಿ ಕಾಣದೆ ನಿಂತಿದ್ದೆ. ಅಲ್ಲಿ ಯಾರೋ ಗುರುತಿಲ್ಲದ ಆಟಗಾರ ಬಿಟ್ಟುಹೋದ ಏಣಿ ಇತ್ತು. ಹತ್ತಿ ಮೇಲೆ ಹೋಗಿ, ಅವನಿಗೊಂದು ಲೈಕ್ ಒತ್ತಿದೆ. ನನ್ನ ಮಟ್ಟಿಗೆ 40 ಸರಿ.

ತಮ್ಮನಿಗೆ ಫೋನ್ ಮಾಡಿ ಇದನ್ನೆಲ್ಲ ಹೊಗಳಿದೆ. ಅವನೂ ಸ್ಟೀಮ್‌ನಲ್ಲಿ ಕೊಂಡ. ಎರಡು ಗಂಟೆಯೊಳಗೆ ಆಡಿದ್ದರೆ ದುಡ್ಡು ವಾಪಸ್ ಸಿಗುತ್ತದೆ ಅಲ್ವಾ, ಒಂದು ಗಂಟೆ ಐವತ್ತು ನಿಮಿಷಕ್ಕೆ ವಾಪಸ್ ಮಾಡಿ ಫೋನ್ ಮಾಡಿದ.

"ಅಣ್ಣ, 6.8 ಕೊಟ್ಟವರು ಭಾರಿ ಧಾರಾಳಿ ಬಿಡು."